ಕರಡು ನಿಯಮಕ್ಕೆ ಆಕ್ಷೇಪಣೆ ಸಲ್ಲಿಸುವ ಬಗೆ: ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೊಂದು ಮಾರ್ಗದರ್ಶಿ

ವಿಧಾನಮಂಡಲ ಅಂಗೀಕರಿಸುವ ಕಾಯ್ದೆಯಲ್ಲಿ ಸಾಮಾನ್ಯವಾಗಿ ಚೌಕಟ್ಟು ಮಾತ್ರ ಇರುತ್ತದೆ. ಅರ್ಜಿ ಯಾವ ನಮೂನೆಯಲ್ಲಿರಬೇಕು, ಶುಲ್ಕ ಎಷ್ಟು, ಯಾರು ಅರ್ಹರು, ತಪ್ಪಿದರೆ ದಂಡವೇನು ಎಂಬುದೆಲ್ಲ ಆ ಕಾಯ್ದೆಯ ಅಡಿಯಲ್ಲಿ ಇಲಾಖೆಗಳೂ ಆಯೋಗಗಳೂ ರೂಪಿಸುವ ನಿಯಮ, ವಿನಿಯಮ ಮತ್ತು ಆದೇಶಗಳಲ್ಲಿ ತೀರ್ಮಾನವಾಗುತ್ತದೆ. ಸಿಂಧನೂರಿನ ಅಕ್ಕಿ ಗಿರಣಿಗೆ ಬರುವ ಕರೆಂಟ್ ಬಿಲ್ಲಾಗಲಿ, ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದ ಪರವಾನಗಿಯಾಗಲಿ, ಕುಷ್ಟಗಿಯ ಪದವೀಧರರೊಬ್ಬರ ನೇಮಕಾತಿ ಅರ್ಹತೆಯಾಗಲಿ ನಿಂತಿರುವುದು ಇಂಥ ನಿಯಮಗಳ ಮೇಲೆ. ನಿಯಮ ಜಾರಿಗೆ ಬಂದು ಕಚೇರಿಯ ಕಿಟಕಿಯಲ್ಲಿ ಅರ್ಜಿ ತಿರಸ್ಕೃತವಾದಾಗಲೇ ಬಹಳ ಮಂದಿಗೆ ಅದರ ಸುಳಿವು ಸಿಗುತ್ತದೆ. ಆದರೆ ಇವುಗಳಲ್ಲಿ ಅನೇಕವು ಅಂತಿಮಗೊಳ್ಳುವ ಮೊದಲು ಕರಡಾಗಿ ಪ್ರಕಟವಾಗುತ್ತವೆ. ಆ ಅವಧಿಯಲ್ಲಿ ಅದರಿಂದ ಬಾಧಿತರಾಗುವ ಯಾರೇ ಆದರೂ, ವಕೀಲರ ನೆರವಿಲ್ಲದೆ, ಕನ್ನಡದಲ್ಲೇ ಆಕ್ಷೇಪಣೆ ಅಥವಾ ಸಲಹೆ ಸಲ್ಲಿಸಬಹುದು.

ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ದಾಖಲೆ. ಗಡುವಿನೊಳಗೆ, ಕರಡಿನ ನಿರ್ದಿಷ್ಟ ಉಪನಿಯಮವನ್ನು ಹೆಸರಿಸಿ ಬರೆದು, ಸ್ವೀಕೃತಿ ಪಡೆದ ಒಂದೇ ಪುಟದ ಕಾಗದಕ್ಕಿರುವ ಬೆಲೆ, ಗಡುವು ಮುಗಿದ ಮೇಲೆ ಮಂತ್ರಿಗಳ ಕೈಗಿಡುವ ಹತ್ತು ಮನವಿಪತ್ರಗಳಿಗೆ ಇರುವುದಿಲ್ಲ. ಮುಂದಿನ ಹಂತಗಳೆಲ್ಲ ಆ ಒಂದು ಪುಟವನ್ನು ಸರಿಯಾಗಿ ಸಿದ್ಧಪಡಿಸಿ, ಸರಿಯಾದ ಮೇಜಿಗೆ ಮುಟ್ಟಿಸುವುದಕ್ಕೆ ಸಂಬಂಧಿಸಿವೆ.

ಹಂತ 1: ಯಾವ ಪ್ರಕ್ರಿಯೆ ಎಂದು ಗುರುತಿಸಿಕೊಳ್ಳಿ

ನಮ್ಮ ಭಾಗದ ಜನರಿಗೆ ಹೆಚ್ಚಾಗಿ ಎದುರಾಗುವ ಪ್ರಕ್ರಿಯೆಗಳು ಮೂರು. ಮೊದಲನೆಯದು, ರಾಜ್ಯ ಸರ್ಕಾರದ ಇಲಾಖೆಗಳು ಕರ್ನಾಟಕ ರಾಜ್ಯಪತ್ರದಲ್ಲಿ ಪ್ರಕಟಿಸುವ ಕರಡು ನಿಯಮಗಳು. ಎರಡನೆಯದು, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ, ಹೊರಡಿಸುವ ವಿನಿಯಮಗಳು ಮತ್ತು ನಮ್ಮ ಭಾಗದ ವಿದ್ಯುತ್ ವಿತರಣಾ ಕಂಪನಿಯಾದ ಜೆಸ್ಕಾಂ ಸಲ್ಲಿಸುವ ದರ ಪರಿಷ್ಕರಣೆ ಅರ್ಜಿಗಳು. ಮೂರನೆಯದು, ಕಾರ್ಖಾನೆ ಅಥವಾ ಗಣಿಗೆ ಪರಿಸರ ಅನುಮತಿ ನೀಡುವ ಮುನ್ನ ನಡೆಯುವ ಸಾರ್ವಜನಿಕ ಆಲಿಕೆ. ಇದು ಕಟ್ಟುನಿಟ್ಟಾದ ಅರ್ಥದಲ್ಲಿ ನಿಯಮ ರಚನೆಯಲ್ಲವಾದರೂ ಆಕ್ಷೇಪಣೆಯನ್ನು ದಾಖಲೆಗೆ ಸೇರಿಸುವ ರೀತಿ ಅದೇ ಆಗಿರುವುದರಿಂದ ಇಲ್ಲಿ ಸೇರಿಸಿಕೊಂಡಿದ್ದೇನೆ. ಇವಲ್ಲದೆ ನಗರಾಭಿವೃದ್ಧಿ ಪ್ರಾಧಿಕಾರಗಳ ಮಹಾಯೋಜನೆಯೂ (ಮಾಸ್ಟರ್ ಪ್ಲಾನ್) ಇದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಡಿ ಅದರ ಕರಡು ಪ್ರಕಟವಾದ ಮೇಲೆ ಸಾರ್ವಜನಿಕರ ಅಭಿಪ್ರಾಯಕ್ಕೆ 60 ದಿನಗಳ ಅವಕಾಶವಿರುತ್ತದೆ. ನಿವೇಶನವೋ ಹೊಲವೋ ಊರಂಚಿನಲ್ಲಿದ್ದವರು ಇದನ್ನು ತಪ್ಪಿಸಿಕೊಳ್ಳಬಾರದು.

ಪ್ರತಿಯೊಂದು ನಿಯಮವೂ ಕರಡಾಗಿ ಬರಲೇಬೇಕೆಂದೇನಿಲ್ಲ. ಮೂಲ ಕಾಯ್ದೆಯಲ್ಲಿ ನಿಯಮ ರಚನೆಯ ಅಧಿಕಾರ ಕೊಡುವ ಪ್ರಕರಣವನ್ನು ಓದಿ ನೋಡಬೇಕು. ಅಲ್ಲಿ ‘ಪೂರ್ವ ಪ್ರಕಟಣೆಯ ಷರತ್ತಿಗೆ ಒಳಪಟ್ಟು’ ಎಂಬ ಪದಗಳಿದ್ದರೆ ಕರಡು ಪ್ರಕಟಿಸುವುದು ಸರ್ಕಾರದ ಕರ್ತವ್ಯವಾಗುತ್ತದೆ. ಆ ಕರ್ತವ್ಯದ ವಿವರ ಜನರಲ್ ಕ್ಲಾಸಸ್ ಆಕ್ಟ್ ಎಂದು ಹೆಸರಾದ ಸಾಮಾನ್ಯ ಖಂಡಗಳ ಅಧಿನಿಯಮಗಳಲ್ಲಿದೆ. ಕೇಂದ್ರಕ್ಕೆ 1897ರದು, ಕರ್ನಾಟಕಕ್ಕೆ 1899ರದು. ಕೇಂದ್ರ ಅಧಿನಿಯಮದ 23ನೇ ಪ್ರಕರಣದ ಪ್ರಕಾರ ಕರಡಿನ ಜೊತೆಗೆ ಅದನ್ನು ಯಾವ ದಿನಾಂಕದಂದು ಅಥವಾ ಆನಂತರ ಪರಿಗಣನೆಗೆ ತೆಗೆದುಕೊಳ್ಳಲಾಗುವುದು ಎಂಬ ಸೂಚನೆ ಇರಬೇಕು, ಮತ್ತು ಆ ದಿನಾಂಕಕ್ಕೆ ಮೊದಲು ಬಂದ ಆಕ್ಷೇಪಣೆ, ಸಲಹೆಗಳನ್ನು ಪ್ರಾಧಿಕಾರವು ಪರಿಗಣಿಸಬೇಕು. ಪರಿಗಣಿಸಬೇಕು ಎಂದಿದೆಯೇ ಹೊರತು ಒಪ್ಪಬೇಕು ಎಂದಿಲ್ಲ ಎಂಬುದನ್ನು ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು.

ಪೂರ್ವ ಪ್ರಕಟಣೆಯ ಷರತ್ತು ಇಲ್ಲದ ಕಡೆಯೂ 2005ರ ಮಾಹಿತಿ ಹಕ್ಕು ಅಧಿನಿಯಮದ 4ನೇ ಪ್ರಕರಣ ಸಹಾಯಕ್ಕೆ ಬರುತ್ತದೆ. ಸಾರ್ವಜನಿಕರ ಮೇಲೆ ಪರಿಣಾಮ ಬೀರುವ ಮುಖ್ಯ ನೀತಿಗಳನ್ನು ರೂಪಿಸುವಾಗ ಸಂಬಂಧಪಟ್ಟ ಎಲ್ಲ ಸಂಗತಿಗಳನ್ನು ಪ್ರಕಟಿಸಬೇಕೆಂದು ಅದರ (1)ನೇ ಉಪಪ್ರಕರಣದ (ಸಿ) ಖಂಡ ಹೇಳುತ್ತದೆ. ಬಾಧಿತರಿಗೆ ಆಡಳಿತಾತ್ಮಕ ನಿರ್ಧಾರದ ಕಾರಣಗಳನ್ನು ತಿಳಿಸಬೇಕೆಂದು (ಡಿ) ಖಂಡ ಹೇಳುತ್ತದೆ.

ಹಂತ 2: ಕರಡನ್ನು ಹುಡುಕಿ, ಗಡುವನ್ನು ಲೆಕ್ಕ ಹಾಕಿ

ರಾಜ್ಯಪತ್ರವು ಗುರುವಾರಗಳಂದು ಪ್ರಕಟವಾಗುತ್ತದೆ. ತುರ್ತಿನ ಅಧಿಸೂಚನೆಗಳು ಯಾವ ದಿನ ಬೇಕಾದರೂ ವಿಶೇಷ ರಾಜ್ಯಪತ್ರಿಕೆಯಾಗಿ ಬರುತ್ತವೆ. ರಾಜ್ಯ ಕಾಯ್ದೆಗಳಡಿಯ ನಿಯಮ, ಆದೇಶಗಳಿಗಾಗಿ ಭಾಗ 4-ಎ ನೋಡಬೇಕು. ಇ-ರಾಜ್ಯಪತ್ರ ಜಾಲತಾಣದಲ್ಲಿ ಇವು ಉಚಿತವಾಗಿ ಸಿಗುತ್ತವೆ. ದಿನಪತ್ರಿಕೆಯ ಸುದ್ದಿಯನ್ನೇ ನಂಬಿ ಆಕ್ಷೇಪಣೆ ಬರೆಯಲು ಕೂರುವುದು ಸರಿಯಲ್ಲ, ಏಕೆಂದರೆ ಸುದ್ದಿಯಲ್ಲಿ ಉಪನಿಯಮದ ಸಂಖ್ಯೆ ಇರುವುದಿಲ್ಲ, ಆಕ್ಷೇಪಣೆಯ ವಿಳಾಸವೂ ಇರುವುದಿಲ್ಲ.

ಕರಡು ಅಧಿಸೂಚನೆಯ ಮೊದಲ ಕಂಡಿಕೆಯೇ ಎಲ್ಲಕ್ಕಿಂತ ಮಹತ್ವದ್ದು. ‘ಇದರಿಂದ ಬಾಧಿತರಾಗುವ ಸಂಭವವಿರುವ ಎಲ್ಲ ವ್ಯಕ್ತಿಗಳ ಮಾಹಿತಿಗಾಗಿ ಪ್ರಕಟಿಸಲಾಗಿದೆ’ ಎಂದು ಶುರುವಾಗಿ, ‘ರಾಜ್ಯಪತ್ರದಲ್ಲಿ ಪ್ರಕಟವಾದ ದಿನಾಂಕದಿಂದ ಮೂವತ್ತು ದಿನಗಳ ತರುವಾಯ ಪರಿಗಣನೆಗೆ ತೆಗೆದುಕೊಳ್ಳಲಾಗುವುದು’ ಎಂಬಂಥ ಸಾಲು ಬರುತ್ತದೆ, ಕೊನೆಗೆ ಆಕ್ಷೇಪಣೆ ಕಳುಹಿಸಬೇಕಾದ ಅಧಿಕಾರಿಯ ಪದನಾಮ ಮತ್ತು ವಿಳಾಸ ಇರುತ್ತದೆ. ಎಲ್ಲ ಕರಡಿಗೂ 30 ದಿನ ಸಿಗುವುದಿಲ್ಲ. 1978ರ ಕರ್ನಾಟಕ ರಾಜ್ಯ ಸಿವಿಲ್ ಸೇವೆಗಳ ಅಧಿನಿಯಮದಡಿ ಬರುವ ವೃಂದ ಮತ್ತು ನೇಮಕಾತಿ ನಿಯಮಗಳ ಕರಡಿಗೆ ಸಾಮಾನ್ಯವಾಗಿ 15 ದಿನ ಮಾತ್ರ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಮ್ಮ ಭಾಗದ ಯುವಕ ಯುವತಿಯರಿಗೆ ಇದು ಬಹಳ ಹತ್ತಿರದ ಸಂಗತಿ. ಹೊಸದಾಗಿ ಸೃಜಿಸಿದ ಹುದ್ದೆಗಳನ್ನು ಕರಡಿನಲ್ಲಿ ಸ್ಥಳೀಯ ವೃಂದ (ಕಲ್ಯಾಣ ಕರ್ನಾಟಕದೊಳಗಿನ ಹುದ್ದೆಗಳು), ಉಳಿಕೆ ಮೂಲ ವೃಂದ (ಉಳಿದ ಹುದ್ದೆಗಳು) ಎಂದು ಹೇಗೆ ಹಂಚಲಾಗಿದೆ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ನೀಡಿರುವ ಸಂವಿಧಾನದ 371ಜೆ ಅನುಚ್ಛೇದದಡಿ ಸಿಗಬೇಕಾದ ಪಾಲು ಕಡಿಮೆಯಾಗಿದೆಯೇ ಎಂಬುದನ್ನು ನೋಡಬೇಕಾದ ಸಮಯ ಇದೇ. ಅರ್ಜಿ ಕರೆದ ಮೇಲೆ ಕೂಗೆಬ್ಬಿಸಿದರೆ ಅಷ್ಟರಲ್ಲಿ ನಿಯಮ ಅಂತಿಮವಾಗಿರುತ್ತದೆ.

ಲೆಕ್ಕ ಆರಂಭವಾಗುವುದು ರಾಜ್ಯಪತ್ರದ ದಿನಾಂಕದಿಂದ. ಪತ್ರಿಕೆಯಲ್ಲಿ ಸುದ್ದಿ ಬಂದ ದಿನವೋ ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ಪ್ರತಿ ಸಿಕ್ಕ ದಿನವೋ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲದೆ ಕಾಗದ ಆ ಅವಧಿಯೊಳಗೆ ಕಚೇರಿಗೆ ತಲುಪಿರಬೇಕು, ಅಂಚೆಗೆ ಹಾಕಿದ ದಿನಾಂಕವನ್ನು ನಂಬಿ ಕೂರುವಂತಿಲ್ಲ. ಬಳ್ಳಾರಿಯಿಂದ ಬೆಂಗಳೂರಿಗೆ ಟಪಾಲು ಮುಟ್ಟುವ ದಿನಗಳನ್ನು, ನಡುವೆ ಬರುವ ರಜೆಗಳನ್ನು ಕಳೆದರೆ 15 ದಿನಗಳ ಗಡುವಿನಲ್ಲಿ ಬರೆಯಲು ಸಿಗುವುದು ಒಂದು ವಾರಕ್ಕೂ ಕಡಿಮೆ.

ಹಂತ 3: ಕರಡನ್ನು ಓದುವ ಕ್ರಮ

ಮೊದಲು ಅಧಿಸೂಚನೆ ಯಾವ ಕಾಯ್ದೆಯ ಯಾವ ಪ್ರಕರಣದಡಿ ಹೊರಟಿದೆ ಎಂದು ನೋಡಿ, ಆ ಪ್ರಕರಣವನ್ನು ತೆಗೆದು ಪಕ್ಕದಲ್ಲಿಟ್ಟುಕೊಳ್ಳಬೇಕು. ಕಾಯ್ದೆ ಕೊಡದ ಅಧಿಕಾರವನ್ನು ನಿಯಮ ಕೈಗೆತ್ತಿಕೊಂಡಿದ್ದರೆ, ಉದಾಹರಣೆಗೆ ಶುಲ್ಕ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿಲ್ಲದಿದ್ದರೂ ಕರಡಿನಲ್ಲಿ ಶುಲ್ಕವಿದ್ದರೆ, ಅದೇ ನಿಮ್ಮ ಬಲವಾದ ಆಕ್ಷೇಪಣೆ. ತಿದ್ದುಪಡಿ ನಿಯಮವಾದರೆ ಹಳೆಯ ನಿಯಮದ ಪ್ರತಿಯಿಲ್ಲದೆ ಏನೂ ಅರ್ಥವಾಗುವುದಿಲ್ಲ. ‘7ನೇ ನಿಯಮದ (3)ನೇ ಉಪನಿಯಮದಲ್ಲಿ ಅಥವಾ ಎಂಬ ಪದದ ಬದಲಿಗೆ ಮತ್ತು ಎಂಬ ಪದವನ್ನು ಪ್ರತಿಯೋಜಿಸತಕ್ಕದ್ದು’ ಎಂಬ ಒಂದೇ ಸಾಲು, ಎರಡರಲ್ಲಿ ಒಂದು ದಾಖಲೆ ಸಾಕಾಗಿದ್ದವರಿಗೆ ಎರಡೂ ದಾಖಲೆ ಕಡ್ಡಾಯ ಮಾಡಿಬಿಡಬಹುದು.

ಕನ್ನಡ ಮತ್ತು ಇಂಗ್ಲಿಷ್ ಎರಡೂ ಪಾಠಗಳಿದ್ದರೆ ಎರಡನ್ನೂ ಹೋಲಿಸಿ ನೋಡುವುದು ಲೇಸು. ಸಂವಿಧಾನದ 348ನೇ ಅನುಚ್ಛೇದದ (3)ನೇ ಖಂಡದ ಪ್ರಕಾರ ರಾಜ್ಯಪತ್ರದಲ್ಲಿ ಪ್ರಕಟವಾದ ಇಂಗ್ಲಿಷ್ ಭಾಷಾಂತರವನ್ನೇ ಅಧಿಕೃತ ಪಾಠವೆಂದು ಭಾವಿಸಲಾಗುತ್ತದೆ. ಕನ್ನಡದಲ್ಲಿ ಓದಿ ನೆಮ್ಮದಿಯಾಗಿದ್ದವರಿಗೆ ಇಂಗ್ಲಿಷಿನಲ್ಲಿ ಬೇರೆ ಅರ್ಥ ಎದುರಾದರೆ ತೊಂದರೆ. ಎರಡರ ನಡುವೆ ವ್ಯತ್ಯಾಸ ಕಂಡರೆ ಅದನ್ನು ತೋರಿಸಿಕೊಡುವುದೇ ಒಂದು ಉಪಯುಕ್ತ ಸಲಹೆಯಾಗುತ್ತದೆ.

ಕರಡು ಕನ್ನಡದಲ್ಲಿ ಇಲ್ಲವೇ ಇಲ್ಲ ಎನ್ನುವುದೂ ಆಕ್ಷೇಪಣೆಗೆ ತಕ್ಕ ಕಾರಣವೇ. ಕೇಂದ್ರ ಸರ್ಕಾರದ 2020ರ ಪರಿಸರ ಪರಿಣಾಮ ಅಂದಾಜು ಕರಡು ಅಧಿಸೂಚನೆಯ ವಿಷಯದಲ್ಲಿ ದೆಹಲಿ ಹೈಕೋರ್ಟ್ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಿಗೆ ಅನುವಾದವಾಗಬೇಕೆಂದು ಹೇಳಿ, ಆಕ್ಷೇಪಣೆಯ ಅವಧಿಯನ್ನು ಆಗಸ್ಟ್ 11ರವರೆಗೆ ವಿಸ್ತರಿಸಿತ್ತು. ಕನ್ನಡದಲ್ಲಿ ಸಾಕಷ್ಟು ಪ್ರಚಾರ ಸಿಕ್ಕಿಲ್ಲವೆಂಬ ದೂರಿನ ಮೇಲೆ ಕರ್ನಾಟಕ ಹೈಕೋರ್ಟ್ ಅದೇ ಆಗಸ್ಟ್‌ನಲ್ಲಿ ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ತಡೆ ನೀಡಿತ್ತು.

ಹಂತ 4: ಆಕ್ಷೇಪಣೆಯನ್ನು ಬರೆಯುವುದು

ಉಪನಿಯಮದ ಸಂಖ್ಯೆ, ಅದರಿಂದ ಆಗುವ ನಿರ್ದಿಷ್ಟ ತೊಂದರೆ, ಅದಕ್ಕೆ ಪುರಾವೆ, ಮತ್ತು ಅದರ ಬದಲಿಗೆ ಇರಬೇಕಾದ ಪದಗಳು, ಈ ನಾಲ್ಕೂ ಇದ್ದರೆ ಆಕ್ಷೇಪಣೆ ಪೂರ್ಣವಾಯಿತು. ಕೊನೆಯದನ್ನು ಬಹುತೇಕರು ಬಿಟ್ಟುಬಿಡುತ್ತಾರೆ. ಕಡತ ಮಂಡಿಸುವ ಶಾಖಾಧಿಕಾರಿಯ ಸ್ಥಾನದಲ್ಲಿ ನಿಂತು ಯೋಚಿಸಿದರೆ ಇದರ ಮಹತ್ವ ತಿಳಿಯುತ್ತದೆ. ‘ಈ ನಿಯಮ ಜನವಿರೋಧಿ, ಕೂಡಲೇ ಕೈಬಿಡಬೇಕು’ ಎಂದು ಬರೆದ ಕಾಗದದ ಮೇಲೆ ಅವರು ಏನೂ ಮಾಡಲಾರರು. ಬದಲಿ ಪದಗಳನ್ನು ಕೊಟ್ಟರೆ ಅವನ್ನು ಹಾಗೆಯೇ ಟಿಪ್ಪಣಿಗೆ ಇಳಿಸಿ ಮೇಲಧಿಕಾರಿಗೆ ಕಳುಹಿಸಬಹುದು.

ಬಾಡಿಗೆ ಮನೆಯಲ್ಲಿ ನಾಲ್ಕು ಹೊಲಿಗೆ ಯಂತ್ರ ಇಟ್ಟುಕೊಂಡು ಜೀನ್ಸ್ ಹೊಲಿಯುವ ಬಳ್ಳಾರಿಯ ಒಬ್ಬ ಮಹಿಳೆಯನ್ನು ಕಲ್ಪಿಸಿಕೊಳ್ಳೋಣ. ಸಣ್ಣ ಘಟಕಗಳ ಪರವಾನಗಿಗೆ ನೋಂದಾಯಿತ ಬಾಡಿಗೆ ಕರಾರು ಕಡ್ಡಾಯ ಎಂದು ಒಂದು ಕರಡು ಹೇಳುತ್ತದೆ ಎಂದುಕೊಂಡರೆ, ಅವರ ಆಕ್ಷೇಪಣೆ ಹೀಗಿರಬಹುದು:

*ಇವರಿಗೆ: ಸರ್ಕಾರದ ಪ್ರಧಾನ ಕಾರ್ಯದರ್ಶಿಗಳು (ಅಧಿಸೂಚನೆಯಲ್ಲಿ ಕೊಟ್ಟಿರುವ ಇಲಾಖೆ ಮತ್ತು ವಿಳಾಸ).*

*ವಿಷಯ: ಅಧಿಸೂಚನೆ ಸಂಖ್ಯೆ ……, ದಿನಾಂಕ ……ರ ರಾಜ್ಯಪತ್ರದಲ್ಲಿ ಪ್ರಕಟವಾದ ಕರಡು ನಿಯಮಗಳಿಗೆ ಆಕ್ಷೇಪಣೆ ಮತ್ತು ಸಲಹೆ.*

*ಮಾನ್ಯರೇ, ನಾನು ಬಳ್ಳಾರಿ ನಗರದಲ್ಲಿ ಬಾಡಿಗೆ ಕಟ್ಟಡದಲ್ಲಿ ಹೊಲಿಗೆ ಘಟಕ ನಡೆಸುತ್ತಿದ್ದು, ಮೇಲ್ಕಂಡ ಕರಡಿನಿಂದ ಬಾಧಿತಳಾಗುತ್ತೇನೆ. ಕರಡಿನ 4ನೇ ನಿಯಮದ (2)ನೇ ಉಪನಿಯಮದ (ಸಿ) ಖಂಡವು ನೋಂದಾಯಿತ ಬಾಡಿಗೆ ಕರಾರನ್ನು ಲಗತ್ತಿಸಬೇಕೆಂದು ಹೇಳುತ್ತದೆ. ನಮ್ಮ ಬೀದಿಯ ಘಟಕಗಳ ಬಾಡಿಗೆ ಒಪ್ಪಂದಗಳು ಹನ್ನೊಂದು ತಿಂಗಳಿನವು, ನೋಂದಣಿ ಆಗಿರುವುದಿಲ್ಲ. ಮಾಲೀಕರು ನೋಂದಣಿಗೆ ಒಪ್ಪದಿದ್ದರೆ, ಉಳಿದ ಎಲ್ಲ ಷರತ್ತು ಪೂರೈಸಿದರೂ ನಮಗೆ ಪರವಾನಗಿ ಸಿಗುವುದಿಲ್ಲ. ಆದ್ದರಿಂದ ಸದರಿ ಖಂಡದಲ್ಲಿ ‘ನೋಂದಾಯಿತ ಬಾಡಿಗೆ ಕರಾರು’ ಎಂಬ ಪದಗಳ ತರುವಾಯ ‘ಅಥವಾ ಕಟ್ಟಡ ಮಾಲೀಕರ ಲಿಖಿತ ಒಪ್ಪಿಗೆ ಪತ್ರ ಮತ್ತು ಇತ್ತೀಚಿನ ವಿದ್ಯುತ್ ಬಿಲ್ಲಿನ ಪ್ರತಿ’ ಎಂಬ ಪದಗಳನ್ನು ಸೇರಿಸಬೇಕೆಂದು ಕೋರುತ್ತೇನೆ. ನನ್ನ ಬಾಡಿಗೆ ಒಪ್ಪಂದದ ಪ್ರತಿಯನ್ನು ಲಗತ್ತಿಸಿದ್ದೇನೆ.*

ಇಷ್ಟು ಸಾಕು. ನಾಲ್ಕು ಆಕ್ಷೇಪಣೆಗಳಿದ್ದರೆ ಒಂದೊಂದಕ್ಕೂ ಪ್ರತ್ಯೇಕ ಕಂಡಿಕೆ ಕೊಡಿ. ಅಂಗಡಿಯಲ್ಲಿ ಜೆರಾಕ್ಸ್ ಮಾಡಿದ ಒಂದೇ ಒಕ್ಕಣೆಗೆ ನೂರು ಜನ ಸಹಿ ಹಾಕುವುದಕ್ಕಿಂತ ಹತ್ತು ಮಂದಿ ತಮ್ಮ ತಮ್ಮ ಸ್ಥಿತಿಯನ್ನು ತಮ್ಮದೇ ಮಾತಿನಲ್ಲಿ ಬರೆಯುವುದು ಹೆಚ್ಚು ಫಲಕಾರಿ ಎಂಬುದು ನನ್ನ ಅಭಿಪ್ರಾಯ. ಕಡತದಲ್ಲಿ ಆ ನೂರು ಕಾಗದ ಸೇರಿ ಒಂದೇ ಅಂಶವಾಗುತ್ತದೆ, ಹತ್ತು ಬೇರೆ ಕಾಗದ ಹತ್ತು ಅಂಶಗಳಾಗುತ್ತವೆ. ಕರಡಿನಲ್ಲಿ ನಿಮಗೆ ಒಪ್ಪಿಗೆಯಾದ ಅಂಶವಿದ್ದರೆ ಅದನ್ನೂ ಬರೆಯಿರಿ. ಬೇರೆ ಯಾರೋ ಅದನ್ನು ತೆಗೆಸಲು ಕೇಳುತ್ತಿರಬಹುದು.

ಹಂತ 5: ತಲುಪಿಸಿ, ಸ್ವೀಕೃತಿ ಪಡೆಯಿರಿ

ಅಧಿಸೂಚನೆಯಲ್ಲಿ ಹೇಳಿದ ಅಧಿಕಾರಿಗೇ ಕಳುಹಿಸಬೇಕು. ಜಿಲ್ಲಾಧಿಕಾರಿ ಕಚೇರಿಯಲ್ಲೋ ತಾಲ್ಲೂಕು ಕಚೇರಿಯಲ್ಲೋ ಕೊಟ್ಟದ್ದು ಬೆಂಗಳೂರಿಗೆ ಗಡುವಿನೊಳಗೆ ಹೋಗಿ ಸೇರುತ್ತದೆಂಬ ಭರವಸೆ ಇಲ್ಲ. ಸ್ಪೀಡ್ ಪೋಸ್ಟ್ ಮಾಡಿ ರಸೀದಿಯನ್ನೂ, ತಲುಪಿದ ದಿನಾಂಕ ತೋರಿಸುವ ಅಂಚೆ ಇಲಾಖೆಯ ಪುಟದ ಮುದ್ರಿತ ಪ್ರತಿಯನ್ನೂ ಇಟ್ಟುಕೊಳ್ಳಿ. ಇ-ಮೇಲ್ ವಿಳಾಸ ಕೊಟ್ಟಿದ್ದರೆ ಸಹಿ ಮಾಡಿದ ಪ್ರತಿಯನ್ನು ಸ್ಕ್ಯಾನ್ ಮಾಡಿ ಅದೇ ದಿನ ಕಳುಹಿಸಿ. ಬೆಂಗಳೂರಿಗೆ ಹೋಗುವವರಿದ್ದರೆ ಟಪಾಲು ಶಾಖೆಯಲ್ಲಿ ಕೊಟ್ಟು ಎರಡನೆಯ ಪ್ರತಿಯ ಮೇಲೆ ಮುದ್ರೆ, ದಿನಾಂಕ ಹಾಕಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು.

ವಿದ್ಯುತ್ ದರ: ಇಲ್ಲಿ ಇನ್ನಷ್ಟು ತಯಾರಿ ಬೇಕು

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳು ಕಲಬುರಗಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಜೆಸ್ಕಾಂ ವ್ಯಾಪ್ತಿಯವು. ಶಕ್ತಿನಗರ, ಯರಮರಸ್, ಕುಡತಿನಿಗಳಲ್ಲಿ ಉತ್ಪಾದನೆಯಾಗುವ ಕರೆಂಟಿನ ಬೂದಿ ಮತ್ತು ಹೊಗೆ ಹತ್ತಿರದ ಊರುಗಳಿಗೇ ಉಳಿದರೂ, ಅದರ ದರ ನಿರ್ಧಾರವಾಗುವಾಗ ಈ ಊರುಗಳಿಂದ ಹೋಗುವ ಆಕ್ಷೇಪಣೆಗಳು ಇನ್ನೂ ಹೆಚ್ಚಬೇಕಿದೆ. ಆದರೂ ಸಾಮಾನ್ಯ ಗ್ರಾಹಕನ ಮಾತಿಗೆ ಕಾನೂನು ಅತ್ಯಂತ ಸ್ಪಷ್ಟ ಸ್ಥಾನ ಕೊಟ್ಟಿರುವ ಪ್ರಕ್ರಿಯೆಗಳಲ್ಲಿ ಇದೂ ಒಂದು. 2003ರ ವಿದ್ಯುಚ್ಛಕ್ತಿ ಅಧಿನಿಯಮದ 64ನೇ ಪ್ರಕರಣದಡಿ ಕಂಪನಿ ತನ್ನ ದರ ಅರ್ಜಿಯ ಸಾರಾಂಶವನ್ನು ಪ್ರಕಟಿಸಬೇಕು. ಸಾರ್ವಜನಿಕರ ಎಲ್ಲ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಿ ಆಯೋಗ 120 ದಿನಗಳೊಳಗೆ ಆದೇಶ ಹೊರಡಿಸಬೇಕು. ಆಯೋಗದ ವಿನಿಯಮಗಳಿಗೂ 181ನೇ ಪ್ರಕರಣದ (3)ನೇ ಉಪಪ್ರಕರಣ ಪೂರ್ವ ಪ್ರಕಟಣೆಯನ್ನು ಕಡ್ಡಾಯ ಮಾಡಿದೆ.

ಕಂಪನಿಗಳು ಸಾಮಾನ್ಯವಾಗಿ ನವೆಂಬರ್ ಕೊನೆಯಲ್ಲಿ ಅರ್ಜಿ ಹಾಕುತ್ತವೆ, ಚಳಿಗಾಲದಲ್ಲಿ ಪತ್ರಿಕಾ ಪ್ರಕಟಣೆ ಮತ್ತು ವಿಚಾರಣೆ ನಡೆದು ಏಪ್ರಿಲ್ 1ರಿಂದ ಹೊಸ ದರ ಜಾರಿಗೆ ಬರುತ್ತದೆ. 2025ರ ಮಾರ್ಚ್‌ನಲ್ಲಿ ಆಯೋಗ ಮೂರು ಹಣಕಾಸು ವರ್ಷಗಳ ದರವನ್ನು ಒಟ್ಟಿಗೇ ಪ್ರಕಟಿಸಿತು. ಹಾಗೆಂದು ನಡುವಿನ ವರ್ಷಗಳಲ್ಲಿ ಕೆಲಸವಿಲ್ಲವೆಂದಲ್ಲ. ಹಿಂದಿನ ವರ್ಷದ ನಿಜ ಖರ್ಚು ವೆಚ್ಚದ ವಾರ್ಷಿಕ ಪರಾಮರ್ಶೆ ಇದ್ದೇ ಇರುತ್ತದೆ, ಕೊರತೆಯ ಹೊರೆ ಗ್ರಾಹಕರ ಮೇಲೆ ಬರುವುದು ಅಲ್ಲಿಂದಲೇ.

ಅರ್ಜಿ ನೂರಾರು ಪುಟಗಳದ್ದಾಗಿರುತ್ತದೆ, ಎಲ್ಲವನ್ನೂ ಓದಬೇಕಿಲ್ಲ. ಮೂರು ಕಡೆ ಗಮನವಿಟ್ಟರೆ ಸಾಕು.

ಮೊದಲನೆಯದು ವಿದ್ಯುತ್ ಖರೀದಿ ವೆಚ್ಚ, ಏಕೆಂದರೆ ಒಟ್ಟು ಖರ್ಚಿನಲ್ಲಿ ಅದೇ ದೊಡ್ಡ ಪಾಲು.

ಎರಡನೆಯದು ವಿತರಣಾ ನಷ್ಟ ಮತ್ತು ಪಂಪ್‌ಸೆಟ್ ಬಳಕೆಯ ಅಂದಾಜು, ಇವೆರಡನ್ನೂ ಒಟ್ಟಿಗೆ ಓದಬೇಕು. ಹತ್ತು ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತವಾಗಿದ್ದು, ಆ ಹಣವನ್ನು ಸರ್ಕಾರ ಸಬ್ಸಿಡಿಯಾಗಿ ಕಂಪನಿಗೆ ಕೊಡುತ್ತದೆ. ಹೆಚ್ಚಿನ ಪಂಪ್‌ಸೆಟ್‌ಗಳಿಗೆ ಮೀಟರ್ ಇಲ್ಲದಿರುವುದರಿಂದ ಬಳಕೆಯನ್ನು ಅಂದಾಜು ಮಾಡಲಾಗುತ್ತದೆ. ಅಂದಾಜು ಹೆಚ್ಚಾದಷ್ಟೂ ಕಳವು ಮತ್ತು ಸೋರಿಕೆಯ ಲೆಕ್ಕ ಕಡಿಮೆ ಕಾಣುತ್ತದೆ. ಇಲ್ಲಿ ಮಾನ್ವಿಯ ಅಥವಾ ಯಲಬುರ್ಗಾದ ರೈತರ ಬಳಿ ಆಯೋಗಕ್ಕೆ ಸುಲಭವಾಗಿ ಸಿಗದ ಪುರಾವೆ ಇದೆ: ತಮ್ಮ ಫೀಡರ್‌ನಲ್ಲಿ ದಿನಕ್ಕೆ ಎಷ್ಟು ತಾಸು ಮೂರು ಫೇಸ್ ಬಂತು, ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಎಷ್ಟು ದಿನ ಕರೆಂಟಿರಲಿಲ್ಲ, ಎಷ್ಟು ಬೋರ್‌ವೆಲ್‌ಗಳು ಬತ್ತಿ ನಿಂತಿವೆ ಎಂಬ ವಿವರ. ಉಪಕೇಂದ್ರದ ಲಾಗ್‌ಬುಕ್ಕಿನ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಪಡೆದು ಲಗತ್ತಿಸಿದರೆ ಆಕ್ಷೇಪಣೆಯ ತೂಕವೇ ಬೇರೆಯಾಗುತ್ತದೆ. ಮಾಹಿತಿಗೆ 30 ದಿನ ಹಿಡಿಯುವುದರಿಂದ ಆ ಅರ್ಜಿಯನ್ನು ಅಕ್ಟೋಬರ್‌ನಲ್ಲೇ ಹಾಕಬೇಕು. ಕರ್ನಾಟಕದ ನಿಯಮಗಳ ಪ್ರಕಾರ ಮಾಹಿತಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳನ್ನು ಮೀರದಂತೆ ಇರಬೇಕು. ಶುಲ್ಕ 10 ರೂಪಾಯಿ.

ಮೂರನೆಯದು ನಿಗದಿತ ಶುಲ್ಕ. ಯೂನಿಟ್ ದರದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಆದರೆ ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲಿನಂತೆ ಹಂಗಾಮಿನಲ್ಲಿ ಮಾತ್ರ ನಡೆಯುವ ಉದ್ದಿಮೆಗೆ ಯಂತ್ರ ನಿಂತಿರುವ ತಿಂಗಳುಗಳಲ್ಲೂ ಬರುವ ನಿಗದಿತ ಶುಲ್ಕವೇ ಭಾರ. ಹಂಗಾಮಿನ ಕೈಗಾರಿಕೆಗಳಿಗೆ ದರಪಟ್ಟಿಯಲ್ಲೇ ಪ್ರತ್ಯೇಕ ಷರತ್ತುಗಳಿರುತ್ತವೆ. ಅವುಗಳ ತಿದ್ದುಪಡಿಗೆ ಬೇಡಿಕೆ ಇಡುವ ಸ್ಥಳವೂ ಇದೇ. ಹಿಂದಿನ ಹನ್ನೆರಡು ತಿಂಗಳ ಬಿಲ್ಲುಗಳನ್ನು ಕೋಷ್ಟಕ ಮಾಡಿ ಲಗತ್ತಿಸಿ.

ಆಕ್ಷೇಪಣೆ ಎಷ್ಟು ಪ್ರತಿಗಳಲ್ಲಿರಬೇಕು, ಪ್ರಮಾಣಪತ್ರ (ಅಫಿಡವಿಟ್) ಬೇಕೇ, ಒಂದು ಪ್ರತಿಯನ್ನು ಜೆಸ್ಕಾಂಗೂ ಕಳುಹಿಸಿ ಅದರ ಪುರಾವೆ ಕೊಡಬೇಕೇ ಎಂಬುದನ್ನು ಪ್ರಕಟಣೆಯಲ್ಲಿ ನೋಡಿ, ಅದನ್ನು ಅಕ್ಷರಶಃ ಪಾಲಿಸಬೇಕು. ‘ಖುದ್ದಾಗಿ ಅಹವಾಲು ಹೇಳಲು ಬಯಸುತ್ತೇನೆ’ ಎಂಬ ಸಾಲನ್ನು ಸೇರಿಸಿರಿ. ಜೆಸ್ಕಾಂ ಅರ್ಜಿಯ ವಿಚಾರಣೆ ಸಾಮಾನ್ಯವಾಗಿ ಕಲಬುರಗಿಯಲ್ಲಿ ನಡೆಯುತ್ತದೆ. ರಾಯಚೂರಿನವರಿಗೆ ನೇರ ರೈಲಿದೆ, ಬಳ್ಳಾರಿ ಮತ್ತು ಕೊಪ್ಪಳದವರು ಗುಂತಕಲ್ ಸುತ್ತಿ ಹೋಗಬೇಕು, ಆದ್ದರಿಂದ ಒಂದು ಸಂಘದ ಪರವಾಗಿ ಒಬ್ಬರು ಹೋಗುವುದು ಮಿತವ್ಯಯದ ದಾರಿ. ಅಲ್ಲಿ ಸಿಗುವುದು ಕೆಲವೇ ನಿಮಿಷ. ಲಿಖಿತ ಆಕ್ಷೇಪಣೆಯನ್ನು ಮತ್ತೆ ಓದಿ ಹೇಳುವ ಬದಲು, ಅದಕ್ಕೆ ಕಂಪನಿ ಕೊಟ್ಟ ಉತ್ತರದಲ್ಲಿ ಎಲ್ಲಿ ನುಣುಚಿಕೊಂಡಿದೆ ಎಂಬುದನ್ನಷ್ಟೇ ತೋರಿಸಿದರೆ ಸಮಯ ಸಾಲುತ್ತದೆ. ಆಮೇಲೆ ಬರುವ ದರ ಆದೇಶದಲ್ಲಿ ಆಕ್ಷೇಪಣೆಗಳು, ಕಂಪನಿಯ ಉತ್ತರ, ಆಯೋಗದ ಅಭಿಪ್ರಾಯ ಮೂರನ್ನೂ ಸೇರಿಸಿದ ಭಾಗ ಇರುತ್ತದೆ. ಹಿಂದಿನ ಆದೇಶದ ಆ ಭಾಗವನ್ನು ಬರೆಯಲು ಕೂರುವ ಮೊದಲೇ ಓದಿಕೊಂಡರೆ ಯಾವ ವಾದಕ್ಕೆ ಆಯೋಗ ಏನು ಹೇಳುತ್ತದೆಂಬ ಅಂದಾಜು ಸಿಗುತ್ತದೆ.

ಪರಿಸರ ಸಾರ್ವಜನಿಕ ಆಲಿಕೆ: ಬಹಿಷ್ಕಾರಕ್ಕೆ ಮುನ್ನ

ತೋರಣಗಲ್ಲು, ಗಿಣಿಗೇರಾ, ಸಂಡೂರಿನ ಸುತ್ತಲಿನವರಿಗೆ ಈ ಸಭೆಗಳು ಹೊಸವಲ್ಲ. ಕೇಂದ್ರ ಸರ್ಕಾರದ 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ 4ನೇ ಅನುಬಂಧ ಇದರ ವಿಧಾನವನ್ನು ಹೇಳುತ್ತದೆ. ಕನಿಷ್ಠ 30 ದಿನ ಮೊದಲು ಒಂದು ರಾಷ್ಟ್ರೀಯ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಸ್ಥಳೀಯ ಭಾಷೆಯಲ್ಲಿ ಸಾರಾಂಶ ಸಿದ್ಧವಾಗಬೇಕು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಮಾಲಿನ್ಯ ನಿಯಂತ್ರಣ ಮಂಡಳಿ ಮುಂತಾದೆಡೆ ನೋಡಲು ಲಭ್ಯವಿರಬೇಕು. ಸಭೆ ಯೋಜನೆಯ ಸ್ಥಳದಲ್ಲಿ ಅಥವಾ ಅದರ ಸಮೀಪದಲ್ಲಿ, ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗಿಂತ ಕಡಿಮೆಯಿಲ್ಲದ ಪ್ರತಿನಿಧಿಯ ಅಧ್ಯಕ್ಷತೆಯಲ್ಲಿ ನಡೆಯಬೇಕು. ಕಲಾಪದ ವಿಡಿಯೋ ಚಿತ್ರೀಕರಣ ಕಡ್ಡಾಯ.

ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಎಂದರೆ ಈ ಸಭೆಗೆ ಕೋರಂ, ಅಂದರೆ ಕನಿಷ್ಠ ಇಷ್ಟು ಜನ ಹಾಜರಿರಬೇಕೆಂಬ ಷರತ್ತು, ಇಲ್ಲ. ಊರಿನವರೆಲ್ಲ ಬಹಿಷ್ಕರಿಸಿ ಹೊರಗೆ ಕುಳಿತರೂ ಒಳಗಿದ್ದ ಕೆಲವರ ಮಾತಿನೊಂದಿಗೆ ಸಭೆ ಕಾನೂನುಬದ್ಧವಾಗಿ ಮುಗಿಯುತ್ತದೆ. ಚಳವಳಿಯ ಬಲವನ್ನು ಇದು ಕಡೆಗಣಿಸುವ ಮಾತಲ್ಲ. 2025ರ ಫೆಬ್ರವರಿಯಲ್ಲಿ ಕೊಪ್ಪಳ ನಗರ ಉಕ್ಕಿನ ಕಾರ್ಖಾನೆಯ ವಿರುದ್ಧ ಬಂದ್ ಆಚರಿಸಿದಾಗ ಸರ್ಕಾರವೂ ಕಿವಿಗೊಡಬೇಕಾಯಿತು. ಆದರೆ ಪರಿಸರ ಅನುಮತಿಯ ಕಡತಕ್ಕೆ ಸೇರುವುದು ಸಭೆಯ ನಡಾವಳಿ ಮತ್ತು ಲಿಖಿತ ಆಕ್ಷೇಪಣೆಗಳು ಮಾತ್ರ. ಹೊರಗೆ ಧರಣಿ ಕುಳಿತರೂ ಒಳಗೆ ನಾಲ್ವರು ಕಾಗದ ಹಿಡಿದು ಹೋಗಲಿ. ಸಭೆಯ ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕೆಂಬ ನಿಯಮವಿದೆ. ಊಟದ ಹೊತ್ತಾಯಿತೆಂದು ಎದ್ದು ಹೋಗದೆ, ನಿಮ್ಮ ಮಾತು ಬಿಟ್ಟುಹೋಗಿದ್ದರೆ ಅಲ್ಲೇ ಹೇಳಿ ಸೇರಿಸಿಸಬೇಕು. ನಡಾವಳಿಯನ್ನು ನಂತರ ಪಂಚಾಯಿತಿ ಕಚೇರಿಯಲ್ಲೂ ಪ್ರದರ್ಶಿಸಬೇಕು, ಅದರ ಪ್ರತಿ ತೆಗೆದಿಟ್ಟುಕೊಳ್ಳಿ.

ಹಂತ 6: ಅಂತಿಮ ನಿಯಮ ಬಂದ ಮೇಲೆ

ಅಂತಿಮ ಅಧಿಸೂಚನೆಯ ಪೀಠಿಕೆಯನ್ನು ಮೊದಲು ಓದಿ. ಸ್ವೀಕೃತವಾದ ಆಕ್ಷೇಪಣೆಗಳನ್ನು ಪರಿಗಣಿಸಲಾಗಿದೆ ಎಂದೋ, ಯಾವುದೇ ಆಕ್ಷೇಪಣೆ ಅಥವಾ ಸಲಹೆ ಸ್ವೀಕೃತವಾಗಿರುವುದಿಲ್ಲ ಎಂದೋ ಅಲ್ಲಿ ಬರೆದಿರುತ್ತದೆ. ನಿಮ್ಮ ಕೈಯಲ್ಲಿ ಮುದ್ರೆ ಬಿದ್ದ ಪ್ರತಿ ಇರುವಾಗ ಎರಡನೆಯ ಸಾಲು ಕಂಡರೆ, ಕೂಡಲೇ ಮಾಹಿತಿ ಹಕ್ಕಿನಲ್ಲಿ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೇಳಬೇಕು. ಈ ಹೊತ್ತಿನಲ್ಲಿ ಕೆಲಸಕ್ಕೆ ಬರುವುದು ಆ ಸ್ವೀಕೃತಿಯೇ, ಏಕೆಂದರೆ ಪೂರ್ವ ಪ್ರಕಟಣೆಯ ನಂತರ ರಚಿಸಲಾಗಿದೆ ಎಂದು ರಾಜ್ಯಪತ್ರದಲ್ಲಿ ಬಂದ ನಿಯಮ ಕ್ರಮಬದ್ಧವಾಗಿಯೇ ರಚನೆಯಾಗಿದೆ ಎಂಬುದಕ್ಕೆ ಆ ಪ್ರಕಟಣೆಯೇ ನಿರ್ಣಾಯಕ ರುಜುವಾತು ಎಂದು ಕೇಂದ್ರದ ಸಾಮಾನ್ಯ ಖಂಡಗಳ ಅಧಿನಿಯಮದ 23ನೇ ಪ್ರಕರಣದ (5)ನೇ ಉಪಪ್ರಕರಣ ಹೇಳುತ್ತದೆ, ಬರಿಗೈಯಲ್ಲಿ ಅದನ್ನು ಎದುರಿಸುವುದು ಕಷ್ಟ.

ನಿಯಮಗಳನ್ನು ಸಾಮಾನ್ಯವಾಗಿ ವಿಧಾನಮಂಡಲದ ಮುಂದೆ ಮಂಡಿಸಬೇಕಾಗುತ್ತದೆ, ಅವನ್ನು ಪರಿಶೀಲಿಸಲು ಅಧೀನ ಶಾಸನ ರಚನಾ ಸಮಿತಿಯೂ ಇದೆ. ನಿಮ್ಮ ಕ್ಷೇತ್ರದ ಶಾಸಕರ ಮೂಲಕ, ಹಳೆಯ ಆಕ್ಷೇಪಣೆಯ ಪ್ರತಿಯೊಂದಿಗೆ, ಆ ಸಮಿತಿಗೆ ಮನವಿ ಕಳುಹಿಸಬಹುದು. ಹೆಚ್ಚು ಜನ ಈ ದಾರಿ ತುಳಿಯುವುದಿಲ್ಲ. ಆದರೂ ಖರ್ಚಿಲ್ಲದ ದಾರಿಯಾದ್ದರಿಂದ ಬಿಡಬೇಕಾಗಿಲ್ಲ.

ವಿದ್ಯುತ್ ದರ ಆದೇಶದ ವಿರುದ್ಧವಾದರೆ ವಿದ್ಯುಚ್ಛಕ್ತಿ ಅಧಿನಿಯಮದ 111ನೇ ಪ್ರಕರಣದಡಿ ದೆಹಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಗೆ 45 ದಿನಗಳೊಳಗೆ ಮೇಲ್ಮನವಿ ಹಾಕಬಹುದು. ಆಯೋಗದ ವಿನಿಯಮವನ್ನೇ ಪ್ರಶ್ನಿಸುವುದಾದರೆ ಆ ನ್ಯಾಯಮಂಡಳಿಗೆ ಅಧಿಕಾರವಿಲ್ಲ, ಹೈಕೋರ್ಟಿಗೇ ಹೋಗಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2010ರಲ್ಲಿ ತೀರ್ಪು ನೀಡಿದೆ. ಇಲಾಖೆಗಳ ನಿಯಮಗಳನ್ನು ಪ್ರಶ್ನಿಸುವ ರಿಟ್ ಅರ್ಜಿಗೂ ಹೈಕೋರ್ಟೇ ಗತಿ. ಬಳ್ಳಾರಿ ಮತ್ತು ಕೊಪ್ಪಳ ಜಿಲ್ಲೆಗಳು ಧಾರವಾಡ ಪೀಠದ ವ್ಯಾಪ್ತಿಗೆ ಸೇರಿವೆ, ರಾಯಚೂರು ಕಲಬುರಗಿ ಪೀಠಕ್ಕೆ ಸೇರಿದೆ. ವಕೀಲರನ್ನು ಕಾಣಲು ಹೋಗುವಾಗ ಕರಡಿನ ರಾಜ್ಯಪತ್ರ, ನಿಮ್ಮ ಆಕ್ಷೇಪಣೆ, ಸ್ವೀಕೃತಿ, ಅಂತಿಮ ರಾಜ್ಯಪತ್ರ, ಮಾಹಿತಿ ಹಕ್ಕಿನಲ್ಲಿ ಪಡೆದ ಟಿಪ್ಪಣಿ ಹಾಳೆಗಳು, ಇವನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಂಡು ಹೋಗಿ.